ಗ್ರಿಲ್‌ಗೆ ಅಡ್ಡಪಟ್ಟಿ ಹಾಕಿಸಿದ ಕಥೆ

ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಹದಿನೈದು ದಿನ ಆಗಿರಬಹುದು. ಬೆಳಗ್ಗೆ ಕೂಡ್ಲಿನ ಮನೆಯಿಂದ ಸೈಕಲ್ ಹತ್ತುವಾಗ ಬರೀ ಹನಿ ಮಳೆ. ಕಾಸರಗೋಡು ಪೇಟೆ ಹತ್ತಿರ ಬರುವಷ್ಟರಲ್ಲಿ ಧೋ ಎಂದು ಸುರಿಯಿತು. ಹಿಂದಿನಿಂದ ಬಸ್ಸೊಂದು ಹಾರ್ನ್ ಒತ್ತಿ ಹಿಡಿದುಕೊಂಡೇ ಬಂತು. ನಾನು ಎಡಕ್ಕೆ ಸರಿದೆ. ಅಲ್ಲಿ ಕೆಂಪು ನೀರು ಹರಿಯುತ್ತಿತ್ತು, ಕೆಳಗೆ ಏನಿದೆ ಎಂದು ಕಾಣುವ ಹಾಗಿರಲಿಲ್ಲ. ಮುಂದಿನ ಚಕ್ರ ಗಪ್ಪೆಂದು ನಿಂತಿತು. ನಾನು ನಿಲ್ಲಲಿಲ್ಲ.

ಗದ್ದ ಕೆತ್ತಿಹೋಯಿತು, ಎಡ ಮಣಿಗಂಟು ಊದಿಕೊಂಡಿತು, ಮೊಣಕಾಲಿನ ಹತ್ತಿರ ಚೂಡಿದಾರ ಹರಿಯಿತು. ಅಡಿಕೆ ಮಂಡಿಯ ಲೆಜರ್ ಪುಸ್ತಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಟ್ಟದ್ದಕ್ಕೆ ಅದೊಂದು ಒದ್ದೆಯಾಗಲಿಲ್ಲ. ಆಟೋ ಸ್ಟ್ಯಾಂಡಿನವರು ಓಡಿ ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು. ಸೈಕಲ್ ಎತ್ತಲು ಹೋದರೆ ಅದು ಬರುವುದೇ ಇಲ್ಲ. ಚರಂಡಿಯ ಮೇಲಿನ ಕಬ್ಬಿಣದ ಗ್ರಿಲ್‌ನ ಎರಡು ಸರಳುಗಳ ನಡುವೆ ಚಕ್ರ ಕಚ್ಚಿಕೊಂಡಿತ್ತು. ಇಬ್ಬರು ಸೇರಿ ಎಳೆದು ತೆಗೆಯಬೇಕಾಯಿತು.

"ಅಕ್ಕ, ಸ್ಕೂಟರ್ ಎಲ್ಲಿ? ಈ ಪ್ರಾಯದಲ್ಲಿ ನಿಮಗೆ ಸೈಕಲ್ ಎಂತಕ್ಕೆ ಮಾರಾಯ್ರೆ?" ಎಂದು ಒಬ್ಬರು ಕೇಳಿದರು.

ಸ್ಕೂಟರನ್ನು ಮಗ ಮಂಗಳೂರಿಗೆ ಒಯ್ದಿದ್ದ. ಕಾಲೇಜು, ಪೀಜಿ, ಎಲ್ಲದಕ್ಕೂ ಅದು ಬೇಕಂತೆ. ಅವನ ಹಳೆಯ ಸೈಕಲ್ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿತ್ತು. ಮನೆಯಿಂದ ಮಂಡಿಗೆ ಸುಮಾರು ನಾಲ್ಕು ಕಿಲೋಮೀಟರ್. ಬಸ್ಸಿಗೆ ಕಾಯುವ ಹೊತ್ತಲ್ಲಿ ಸೈಕಲ್ ಬಿಟ್ಟರೆ ತಲುಪಿಯೇ ಬಿಡುತ್ತೇನೆ. ಪ್ರಾಯ 46. ಮೂರು ತಿಂಗಳಿಂದ ಆರಾಮವಾಗಿ ಬರುತ್ತಿದ್ದೆ. ನೋಡಿ ನಗುವವರಿದ್ದರು. ಅದು ಒಂದು ವಾರಕ್ಕೆ ಅಭ್ಯಾಸವಾಗಿ ಹೋಗಿತ್ತು.

ಯಾವ ರಸ್ತೆ, ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಕಾಸರಗೋಡು ಸಣ್ಣ ಪೇಟೆ. ಆ ಕಚೇರಿಯ ಮೆಟ್ಟಿಲು ನಾನು ಇನ್ನೂ ಹತ್ತುವುದುಂಟು.

ಸೈಕಲನ್ನು ಉರುಳಿಸಿಕೊಂಡು ಇಚ್ಚನ ಅಂಗಡಿಗೆ ಹೋದೆ. ಎಪ್ಪತ್ತರ ಹತ್ತಿರದ ಮನುಷ್ಯ, ಪಂಕ್ಚರ್ ಹಾಕುತ್ತಾ ನಲವತ್ತು ವರ್ಷ ಕಳೆದವರು. ರಿಮ್ ತಿರುಗಿಸಿ ನೋಡಿದರು. "ಬೆಂಡ್ ಆಗಿದೆ ಮೋಳೇ (ಮಗಳೇ). ಆ ಗ್ರಿಲ್ ಅಲ್ವಾ? ಈ ಮಳೆಗೆ ಇದು ನಾಲ್ಕನೆಯದು" ಎಂದರು. ಉಳಿದ ಮೂರು ಯಾರದ್ದು ಎಂದು ಕೇಳಿದೆ. ಕಟ್ಟಡ ಕೆಲಸಕ್ಕೆ ಬಂದ ಬಂಗಾಳದ ಹುಡುಗರದ್ದು. ರಿಪೇರಿಗೆ ದುಡ್ಡು ಕೊಟ್ಟು ಹೋದರಂತೆ, ಅಷ್ಟೆ. ಅವರು ಯಾರಿಗೆ ದೂರು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು?

ಮರುದಿನ ಮಳೆ ಬಿಟ್ಟಿತ್ತು. ಹೊಲಿಗೆ ಪೆಟ್ಟಿಗೆಯ ಟೇಪ್ ಹಿಡಿದುಕೊಂಡು ಹೋಗಿ ಅಳತೆ ಮಾಡಿದೆ. ಸರಳುಗಳ ನಡುವೆ 4 ಸೆಂಟಿಮೀಟರ್ ಸಂದು. ಸರಳುಗಳು ಇರುವುದು ರಸ್ತೆಯ ಉದ್ದಕ್ಕೆ, ಅಂದರೆ ಚಕ್ರ ಹೋಗುವ ದಿಕ್ಕಿಗೇ. ನನ್ನ ಸೈಕಲಿನ ಟೈರ್ 3.5 ಸೆಂಟಿಮೀಟರ್. ಕೆಲಸದ ಹುಡುಗರು ಬಿಡುವ ಕಪ್ಪು ಸೈಕಲುಗಳ ಟೈರಿನ ಬದಿಯಲ್ಲಿ 28 × 1½ ಎಂದು ಅಚ್ಚಾಗಿರುತ್ತದೆ. ಒಂದೂವರೆ ಇಂಚು ಎಂದರೆ 3.8 ಸೆಂಟಿಮೀಟರ್. ಎರಡೂ ಸರಿಯಾಗಿ ಒಳಗೆ ಇಳಿಯುತ್ತವೆ. ಸ್ಕೂಟರಿನ ಟೈರ್ ಒಂಬತ್ತು ಸೆಂಟಿಮೀಟರ್ ಹತ್ತಿರ ಬರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಸ್ಕೂಟರಿನಲ್ಲಿ ಅದೇ ಗ್ರಿಲ್‌ಗಳ ಮೇಲೆ ಎಷ್ಟು ಸಲ ಹೋಗಿದ್ದೆನೋ, ಅದು ಅಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಆ ರಸ್ತೆಯಲ್ಲಿ ನಡೆದುಕೊಂಡು ಹೋಗಿ ಎಣಿಸಿದೆ. ಒಟ್ಟು 14.

ಮೊದಲ ಅರ್ಜಿಯಲ್ಲಿ ದಡ್ಡತನ ಮಾಡಿದೆ. ಸಿಟ್ಟಿನಲ್ಲಿ ಬರೆದದ್ದಲ್ವಾ, ಮದುವೆ ಸಾಮಾನಿನ ಪಟ್ಟಿಯ ಹಾಗಾಯಿತು. ಗ್ರಿಲ್ ಸರಿ ಮಾಡಬೇಕು, ಶಾಲೆಯ ಎದುರು ಹಂಪ್ ಬೇಕು, ಬದಿಯಲ್ಲಿ ಕಾರು ನಿಲ್ಲಿಸಬಾರದು, ಬೀದಿದೀಪ ಉರಿಯಬೇಕು, ಸೈಕಲಿಗೆ ಬಿಳಿ ಗೆರೆ ಎಳೆಯಬೇಕು. ಹೀಗೆ ಏಳು ಬೇಡಿಕೆ. ಎಲ್ಲ ಕನ್ನಡದಲ್ಲೇ ಬರೆದಿದ್ದೆ. ಕೌಂಟರಿನಲ್ಲಿದ್ದವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಲಯಾಳದಲ್ಲಿ ಬರೆದು ತನ್ನಿ ಎಂದರು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಅಷ್ಟಕ್ಕಷ್ಟೆ, ಬರೆಯಲು ಬರುವುದಿಲ್ಲ. ಆದರೆ ಕಾನೂನು ಗೊತ್ತಿತ್ತು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡಿಗರಾದ ನಮಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಜಗಳ ಮಾಡಲಿಲ್ಲ, ಮೆಲ್ಲಗೆ ಹೇಳಿದೆ. ಹಿಂದೆ ಕೂತಿದ್ದ ಇನ್ನೊಬ್ಬರು, ನಮ್ಮ ಊರ ಕಡೆಯವರೇ ಇರಬೇಕು, "ತೆಗೆದುಕೊಳ್ಳಿ, ತೆಗೆದುಕೊಳ್ಳಿ" ಎಂದರು. ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದೆ.

ಐದು ವಾರ ಸುದ್ದಿ ಇಲ್ಲ. ವಿಚಾರಿಸಲು ಹೋದಾಗ ಗೊತ್ತಾಯಿತು, ಏಳು ಬೇಡಿಕೆ ಏಳು ಕಡೆಗೆ ಸೇರಿದ್ದಂತೆ. ದೀಪ ಒಬ್ಬರದ್ದು, ಪಾರ್ಕಿಂಗ್ ಪೊಲೀಸಿನವರದ್ದು, ರಸ್ತೆ ಇನ್ನೊಬ್ಬರದ್ದು. ಯಾರಿಗೆ ಕಳಿಸುವುದು ಎಂದು ತಿಳಿಯದೆ ಫೈಲು ಅಲ್ಲೇ ಕೂತಿದೆ. ಗ್ರಿಲ್ ಯಾರದ್ದು ಎಂದು ಕೇಳಿದೆ. ರಸ್ತೆ ನಮ್ಮದು, ಚರಂಡಿ ನಮ್ಮದಲ್ಲ ಎಂದರು. ಎರಡನೆಯ ಕಚೇರಿಯಲ್ಲಿ, ಚರಂಡಿ ನಮ್ಮದೇ, ಆದರೆ ಮೇಲಿನ ಮುಚ್ಚಳ ರಸ್ತೆ ಕಾಮಗಾರಿಯಲ್ಲಿ ಬಂದದ್ದು ಎಂದರು. ನೀರು ಒಬ್ಬರದ್ದು, ಕಬ್ಬಿಣ ಇನ್ನೊಬ್ಬರದ್ದು. ಬಿದ್ದವಳು ಮಾತ್ರ ನಾನು.

ಆ ಎರಡನೆಯ ಕಚೇರಿಯಲ್ಲೇ ಒಬ್ಬರು ಕೇಳಿದ ಪ್ರಶ್ನೆ ನನ್ನನ್ನು ಕೆರಳಿಸಿತು. "ಅಷ್ಟಕ್ಕೂ ಈ ಕಾಲದಲ್ಲಿ ಅಲ್ಲಿ ಸೈಕಲ್ ಎಷ್ಟು ಹೋಗ್ತದೆ?" ಉತ್ತರ ನನ್ನಲ್ಲೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷ ಅಡಿಕೆ ಚೀಲ ಎಣಿಸಿ ಬರೆದವಳಿಗೆ ಸೈಕಲ್ ಎಣಿಸುವುದೇನು ದೊಡ್ಡ ಕೆಲಸ?

ಒಂದು ಮಂಗಳವಾರ ಬೆಳಗ್ಗೆ 6.30ಕ್ಕೆ ಇಚ್ಚನ ಅಂಗಡಿಯ ಮರದ ಬೆಂಚಿನ ಮೇಲೆ ನೋಟ್‌ಪುಸ್ತಕ ಹಿಡಿದು ಕೂತೆ. ಕಾಲಂ ಹಾಕಿದ್ದೆ: ಗಂಡಸು, ಹೆಂಗಸು, ಮಕ್ಕಳು, ದೀಪ, ರಿಫ್ಲೆಕ್ಟರ್. ಹತ್ತೋ ಹದಿನೈದೋ ಆಗಬಹುದು ಎಂದುಕೊಂಡಿದ್ದೆ. ಏಳು ಗಂಟೆಗೇ ಮೊದಲ ಪುಟ ಅರ್ಧ ತುಂಬಿತು. ಸಿಮೆಂಟ್ ಹಿಡಿದ ಪ್ಯಾಂಟು, ಹ್ಯಾಂಡಲಿಗೆ ತೂಗುವ ಬುತ್ತಿ, ಹಿಂದಿನ ಕ್ಯಾರಿಯರಿನಲ್ಲಿ ಇನ್ನೊಬ್ಬ. ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ಅವರ ನಡುವೆ ಟೊಪ್ಪಿ ಹಾಕಿದ ಮದ್ರಸದ ಮಕ್ಕಳು, ಟ್ಯೂಷನ್ನಿನ ಮಕ್ಕಳು. ಪೇಪರ್ ಹಾಕುವವರು ಖಾಲಿ ಚೀಲದೊಂದಿಗೆ ಮರಳುತ್ತಿದ್ದರು. 8.30ಕ್ಕೆ ಲೆಕ್ಕ ಮುಗಿಸಿದಾಗ 63. ಅದರಲ್ಲಿ ಕೆಲಸಕ್ಕೆ ಹೋಗುವವರು 41, ಮಕ್ಕಳು 14, ಪೇಪರ್ ಮತ್ತು ಹಾಲಿನವರು 5, ಉಳಿದವರು 3. ಪ್ರಾಯದ ಹೆಂಗಸು ಒಬ್ಬಳೂ ಇಲ್ಲ. ಇದ್ದ ಒಬ್ಬಳು ಬೆಂಚಿನ ಮೇಲೆ ಕೂತು ಎಣಿಸುತ್ತಿದ್ದಳು.

ಸಂಜೆ 5.30ರಿಂದ 7.30ರವರೆಗೆ ಮತ್ತೆ ಕೂತೆ. 58 ಬಂತು. ಹಿಂದೆ ದೀಪ ಇದ್ದದ್ದು ಎರಡಕ್ಕೆ. ಕೆಂಪು ರಿಫ್ಲೆಕ್ಟರ್ ಇದ್ದದ್ದು ಒಂಬತ್ತಕ್ಕೆ. ಏಳು ಗಂಟೆಯ ಮೇಲೆ ಕಪ್ಪು ಅಂಗಿಯ ಹುಡುಗರು ಕಪ್ಪು ಸೈಕಲಿನಲ್ಲಿ ಕಪ್ಪು ಡಾಮರಿನ ಮೇಲೆ ಬರುವಾಗ ಬೆಂಚಿನ ಮೇಲೆ ಕಣ್ಣು ಬಿಟ್ಟು ಕೂತ ನನಗೇ ಹತ್ತಿರ ಬರುವವರೆಗೆ ಕಾಣುತ್ತಿರಲಿಲ್ಲ. ಕಾರಿನವರಿಗೆ ಹೇಗೆ ಕಾಣಬೇಕು? ನಾನೂ ಇಷ್ಟು ವರ್ಷ ಇದೇ ಪೇಟೆಯಲ್ಲಿ ಇದ್ದೆ. ಇಲ್ಲಿ ಯಾರು ಸೈಕಲ್ ಬಿಡುತ್ತಾರೆ ಎಂದು ಯಾರಾದರೂ ಕೇಳಿದ್ದರೆ ಯಾರೂ ಇಲ್ಲ ಎಂದೇ ಹೇಳುತ್ತಿದ್ದೆ. ಅವರು ನಾವು ಏಳುವ ಮೊದಲು ಹೋಗಿ, ನಾವು ಬಾಗಿಲು ಹಾಕಿದ ಮೇಲೆ ಬರುವವರು.

ಆಮೇಲೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿ. ಮಂಡಿಗೆ ಬರುವ ಒಬ್ಬ ಕೃಷಿಕರು ಇದರಲ್ಲಿ ಪಳಗಿದವರು, ಅವರೇ ದಾರಿ ತೋರಿಸಿದರು. ಬಿಳಿ ಹಾಳೆಯಲ್ಲಿ ಬರೆದು 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಕೇರಳದಲ್ಲಿ ಸಾಕು. "ಯಾಕೆ ಹೀಗೆ ಮಾಡಿದಿರಿ ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಅವರು ಉತ್ತರ ಕೊಡಬೇಕಿಲ್ಲ. ಕಾಗದದಲ್ಲಿ ಇರುವುದನ್ನು ಮಾತ್ರ ಕೇಳಿ" ಎಂದರು. ಹಾಗಾಗಿ ಮೂರೇ ಪ್ರಶ್ನೆ. ಈ 14 ಗ್ರಿಲ್‌ಗಳು ಯಾವ ಕಾಮಗಾರಿಯಲ್ಲಿ ಬಂದವು? ಅದರ ನಕ್ಷೆಯ ಪ್ರತಿ ಕೊಡಿ. ಗುತ್ತಿಗೆದಾರರ ದೋಷ ಹೊಣೆಯ ಅವಧಿ ಯಾವಾಗ ಮುಗಿಯುತ್ತದೆ?

ಮೂರನೆಯ ಪ್ರಶ್ನೆ ಅವರೇ ಸೇರಿಸಿದ್ದು. ಡಿಎಲ್‌ಪಿ ಎನ್ನುತ್ತಾರೆ. ಕೆಲಸ ಮುಗಿದ ಮೇಲೂ ಇಂತಿಷ್ಟು ಕಾಲ ಏನಾದರೂ ಕೆಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಆ ಅವಧಿ ಮುಗಿದರೆ ಹೊಸ ಎಸ್ಟಿಮೇಟು, ಹೊಸ ಮಂಜೂರಾತಿ, ಹೊಸ ಟೆಂಡರ್. ಅಷ್ಟರಲ್ಲಿ ನನ್ನ ಮಗನ ಮದುವೆಯೂ ಆಗಿರುತ್ತದೆ.

2005ರ ಆ ಕಾನೂನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು 6(3) ಎಂಬ ಸಣ್ಣ ಕಲಂ. ಕೇಳಿದ ಮಾಹಿತಿ ನಮ್ಮದಲ್ಲ, ಬೇರೆ ಕಚೇರಿಯದ್ದು ಎಂದಾದರೆ ಅರ್ಜಿಯನ್ನು ಹಿಂದೆ ಕಳಿಸುವ ಹಾಗಿಲ್ಲ. ಐದು ದಿನದೊಳಗೆ ಅವರೇ ಆ ಕಚೇರಿಗೆ ದಾಟಿಸಿ, ನಮಗೂ ತಿಳಿಸಬೇಕು. ಬಾಯಲ್ಲಿ ನಮ್ಮದಲ್ಲ, ನಮ್ಮದಲ್ಲ ಎನ್ನುತ್ತಿದ್ದವರು ಈಗ ಅದನ್ನು ಕಾಗದದಲ್ಲಿ ಬರೆದು ಸಹಿ ಹಾಕಿದರು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ಅಲ್ಲಿಂದ ಮುಂದೆ ಹೋಗಲು ಜಾಗ ಇರಲಿಲ್ಲ. ಮೂವತ್ತು ದಿನದ ಗಡುವಿಗೆ ಎರಡು ದಿನ ಇರುವಾಗ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಉತ್ತರ ಬಂತು, ಮಲಯಾಳದಲ್ಲಿ. 1969ರ ಕಾನೂನು ಹಿಡಿದು ಇನ್ನೊಂದು ಜಗಳ ತೆಗೆಯಬಹುದಿತ್ತು. ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಿಕೊಂಡೆ. ಒಂದು ಸಲಕ್ಕೆ ಒಂದು ಜಗಳ ಸಾಕು.

ನಕ್ಷೆಯ ಪ್ರತಿಯಲ್ಲಿ ಸರಳುಗಳ ನಡುವೆ 40 ಮಿಲಿಮೀಟರ್ ಎಂದಿತ್ತು. ಸರಳು ಯಾವ ದಿಕ್ಕಿಗೆ ಎಂದು ಎಲ್ಲಿಯೂ ಇರಲಿಲ್ಲ. ಅಷ್ಟೇ ವಿಷಯ. ಯಾರೂ ಕೆಟ್ಟವರಲ್ಲ, ಯಾರೂ ದುಡ್ಡು ನುಂಗಿದ್ದಲ್ಲ. ನಕ್ಷೆ ಬರೆದವರಿಗೂ, ವೆಲ್ಡ್ ಮಾಡಿದವರಿಗೂ, ತಂದು ಇಟ್ಟವರಿಗೂ ಸೈಕಲ್ ಎಂಬುದೊಂದು ನೆನಪಾಗಿರಲಿಲ್ಲ. ದೋಷ ಹೊಣೆಯ ಅವಧಿ ಮುಗಿಯಲು ಏಳು ತಿಂಗಳು ಬಾಕಿ ಇತ್ತು.

ಎರಡನೆಯ ಅರ್ಜಿ ಒಂದೇ ಪುಟ, ಒಂದೇ ಬೇಡಿಕೆ. ಅದನ್ನು ಕೊಟ್ಟದ್ದು ವಿದ್ಯಾನಗರದ ಕಲೆಕ್ಟರೇಟಿನಲ್ಲಿ. ಕೇರಳದಲ್ಲಿ 2007ರ ರಸ್ತೆ ಸುರಕ್ಷಾ ಪ್ರಾಧಿಕಾರದ ಕಾನೂನಿನಡಿ ಪ್ರತಿ ಜಿಲ್ಲೆಗೂ ಒಂದು ರಸ್ತೆ ಸುರಕ್ಷಾ ಕೌನ್ಸಿಲ್ ಇದೆ, ಕಲೆಕ್ಟರರೇ ಅದರ ಅಧ್ಯಕ್ಷರು. ರಸ್ತೆಯವರು, ಪೊಲೀಸರು, ಆರ್‌ಟಿಒದವರು ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. ಅಲ್ಲಿ ನಮ್ಮದಲ್ಲ ಎಂದರೆ ಪಕ್ಕದಲ್ಲೇ ಕೂತವರು ಕೇಳಿಸಿಕೊಳ್ಳುತ್ತಾರೆ. ಅರ್ಜಿಗೆ ಮೂರು ಲಗತ್ತು: ಟೇಪ್ ಇಟ್ಟು ತೆಗೆದ ಫೋಟೋ, ಎಣಿಕೆಯ ಪುಟ, ಆರ್‌ಟಿಐ ಉತ್ತರ. ಬಸ್ಸಿನವರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಬರೆಯಲು ಕೈ ತುರಿಸುತ್ತಿತ್ತು.

ಈ ನಡುವೆ ಗ್ರಾಮಸಭೆಯಲ್ಲೂ ಮಾತಾಡಿದೆ. ಇಲ್ಲಿ ಅದು ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಸೈಕಲ್ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು. ಪೇಟೆಯ ಗ್ರಿಲ್ ಪಂಚಾಯತಿಗೆ ಸೇರಿದ್ದಲ್ಲ ಎಂದು ಅಲ್ಲಿಗೇ ಮುಗಿಸಿದರು, ಅದು ಸರಿಯೇ. ಆದರೆ ಸಭೆ ಮುಗಿದು ಚಪ್ಪಲಿ ಹಾಕುವಾಗ ಒಬ್ಬಳು ತಾಯಿ ಬಂದು, ತನ್ನ ಮಗಳು ಆರು ತಿಂಗಳಿಂದ ಸೈಕಲ್ ಕೇಳುತ್ತಿದ್ದಾಳೆ, ಹೆದರಿಕೆಯಾಗಿ ತೆಗೆದುಕೊಟ್ಟಿಲ್ಲ ಎಂದಳು. ರಸ್ತೆಯಲ್ಲಿ ಹೇಗೆ ಹೋಗುವುದು ಎಂದು ಹೇಳಿಕೊಡುತ್ತೀರಾ ಅಕ್ಕ ಎಂದು ಕೇಳಿದಳು.

ನನಗೇ ಇಚ್ಚ ಹೇಳಿಕೊಟ್ಟದ್ದು ಅದು. ಬಿದ್ದ ಮೇಲೆ ನಾನು ಇನ್ನೂ ಅಂಚಿಗೆ ಅಂಟಿಕೊಂಡು ಹೋಗುತ್ತಿದ್ದೆ. ಅವರು ಬೈದರು. "ಮೂಲೆಗೆ ಹೋದರೆ ನೀನು ಇದ್ದೀ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ ಮೋಳೇ. ಒಂದು ಕೈ ಅಳತೆ ಒಳಗೆ ಬಾ, ನೇರ ಹೋಗು." ಅಂಚಿನಲ್ಲಿ ಹೊಂಡ, ಗ್ರಿಲ್, ಜಲ್ಲಿ ಎಲ್ಲ ಇರುತ್ತದೆ. ಅದನ್ನು ತಪ್ಪಿಸಲು ಥಟ್ಟನೆ ಬಲಕ್ಕೆ ಸರಿದಾಗಲೇ ಹಿಂದಿನವರು ತಾಗಿಸುವುದು. ನಿಂತ ಕಾರಿನ ಪಕ್ಕ ಹೋಗುವಾಗ ಬಾಗಿಲು ತೆರೆದರೂ ತಾಗದಷ್ಟು ದೂರ ಇರಬೇಕು. ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಕ್ಕೆ ಯಾವತ್ತೂ ನುಗ್ಗಬಾರದು. ಬಸ್ಸು ನಮ್ಮನ್ನು ದಾಟಿದ ಕೂಡಲೇ ಎಡಕ್ಕೆ ಒತ್ತಿ ನಿಲ್ಲಿಸುತ್ತದೆ ಎಂದು ಎಣಿಸಿಯೇ ಬ್ರೇಕಿನ ಮೇಲೆ ಬೆರಳಿಟ್ಟಿರಬೇಕು. ಶಾಲು ಇದ್ದರೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಬೇಕು, ಚೈನು ಕಾಯುತ್ತಾ ಇರುತ್ತದೆ. ಆ ಹುಡುಗಿಯ ಜತೆ ನಾಲ್ಕು ಭಾನುವಾರ ಹೋದೆ. ಎರಡನೆಯ ಭಾನುವಾರಕ್ಕೇ ಅವಳು ನನ್ನಿಂದ ಮುಂದೆ.

ಜೋರು ಮಳೆಯ ಆಟಿ ತಿಂಗಳು ಮುಗಿದು ಬಿಸಿಲು ಕಾಣುವ ಹೊತ್ತಿಗೆ ಫೋನ್ ಬಂತು. ನಾಳೆ ಹನ್ನೊಂದಕ್ಕೆ ಸ್ಥಳ ನೋಡಲು ಬರುತ್ತಾರೆ, ನೀವೂ ಇರಿ. ಮಂಡಿಯಲ್ಲಿ ಒಂದು ಗಂಟೆ ರಜೆ ಕೇಳಿದೆ. ಹೋಗುವ ದಾರಿಯಲ್ಲಿ ಇಚ್ಚನ ಅಂಗಡಿಯಿಂದ ಒಂದು ಹಳೆಯ ಚಕ್ರ ತೆಗೆದುಕೊಂಡೆ, 28 × 1½, ಟೈರ್ ಸಮೇತ.

ಬಂದವರು ಚಿಕ್ಕ ಪ್ರಾಯದ ಎಂಜಿನಿಯರ್, ತೆಂಕಣ ಜಿಲ್ಲೆಯ ಹುಡುಗಿ. ಇಲ್ಲಿಗೆ ವರ್ಗವಾಗಿ ಬಂದು ಆರು ತಿಂಗಳಂತೆ. ಜತೆಗೆ ಗುತ್ತಿಗೆದಾರರ ಕಡೆಯವರೊಬ್ಬರು. ಅವರು ಬಂದದ್ದೇ ಜೋರಿನಲ್ಲಿ. "ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ ಮಾಡಿದ್ದೇವೆ. ನೋಡಿಕೊಂಡು ಹೋದರೆ ಯಾರೂ ಬೀಳುವುದಿಲ್ಲ." ನಾನು ಮಾತಾಡಲಿಲ್ಲ. ಚಕ್ರವನ್ನು ಗ್ರಿಲ್‌ನ ಮೇಲೆ ನಿಲ್ಲಿಸಿ ಮೆಲ್ಲನೆ ಒತ್ತಿದೆ. ಟೈರ್ ಸಂದಿಗೆ ಇಳಿದು ರಿಮ್‌ವರೆಗೆ ಕೂತಿತು. ಕೈ ಬಿಟ್ಟೆ. ಚಕ್ರ ಯಾರೂ ಹಿಡಿಯದೆ ನೆಟ್ಟಗೆ ನಿಂತಿತು. ಗೂಟ ಹುಗಿದ ಹಾಗೆ.

ಒಂದು ಲಾರಿ ಹೋಯಿತು. ಚಕ್ರ ಸ್ವಲ್ಪ ನಡುಗಿತು, ಬೀಳಲಿಲ್ಲ. ಎಂಜಿನಿಯರ್ ಹುಡುಗಿ ಫೋನ್ ತೆಗೆದು ಮೂರು ಕಡೆಯಿಂದ ಫೋಟೋ ಹೊಡೆದಳು. ಆಮೇಲೆ ತಾನೇ ಬಗ್ಗಿ ಅದನ್ನು ಎಳೆದು ನೋಡಿದಳು. ಒಂದು ಕೈಯಲ್ಲಿ ಬರಲಿಲ್ಲ.

ಗ್ರಿಲ್ ಅನ್ನೇ ತಿರುಗಿಸಿ ಇಟ್ಟರೆ ಆಗದೇ ಎಂದು ಕೇಳಿದೆ. ಆಗುವುದಿಲ್ಲ, ಚೌಕಟ್ಟು ಆಯತಾಕಾರ, ತಿರುಗಿಸಿದರೆ ಹೊಂಡಕ್ಕೆ ಕೂರುವುದಿಲ್ಲ. ಸರಳು ಎಲ್ಲ ಅಡ್ಡ ಹಾಕಿಸಿದರೆ ಎಲೆ, ತೊಟ್ಟೆ ಸಿಕ್ಕಿಕೊಂಡು ನೀರು ಇಳಿಯುವುದಿಲ್ಲ ಎಂದೂ ಅವಳು ಹೇಳಿದಳು. ಅದು ನೆಪವಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಚರಂಡಿ ಕಟ್ಟಿಕೊಂಡರೆ ಅಂಗಡಿಗಳೊಳಗೆ ನೀರು. ಕೊನೆಗೆ ರಸ್ತೆಯ ಮೇಲೆಯೇ ಕೂತು ಟೇಪ್ ಹಿಡಿದು ಒಂದು ಉಪಾಯ ಮಾಡಿದೆವು. ಇದ್ದ ಸರಳು ಹಾಗೇ ಇರಲಿ, ಮೇಲಿನಿಂದ 10 ಸೆಂಟಿಮೀಟರಿಗೊಂದು ಚಪ್ಪಟೆ ಕಬ್ಬಿಣದ ಪಟ್ಟಿ ಅಡ್ಡ ವೆಲ್ಡ್ ಮಾಡುವುದು. ನೀರಿಗೆ ದಾರಿ ಇರುತ್ತದೆ, ಚಕ್ರಕ್ಕೆ ಇರುವುದಿಲ್ಲ. ಗುತ್ತಿಗೆದಾರರ ಕಡೆಯವರು ಎಷ್ಟು ಕೆಜಿ ಕಬ್ಬಿಣ ಬೇಕು ಎಂದು ಅಲ್ಲೇ ಲೆಕ್ಕ ಹಾಕಲು ಶುರು ಮಾಡಿದರು. ಆಗ ನನಗೆ ಧೈರ್ಯ ಬಂತು.

ಹೋಗುವ ಮೊದಲು ಶಾಲೆಯ ಎದುರಿನ ಹಂಪ್ ವಿಷಯ ಮೆಲ್ಲನೆ ತೆಗೆದೆ. ಅಲ್ಲಿ ಯಾರೋ ಹಾಕಿದ ಒಂದು ದಂಡೆ ಇದೆ, ಸೈಕಲಿನ ಪೆಡಲ್ ತಾಗುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಾಡಿಗಳು 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ಹತ್ತಿ ಇಳಿಯಲಿ ಎಂದು ಲೆಕ್ಕ ಹಾಕಿದ್ದು. ನಮ್ಮ ದಂಡೆಯ ಅಗಲ ಒಂದು ಮೊಳವೂ ಇಲ್ಲ. ಎಂಜಿನಿಯರ್ ಹುಡುಗಿ ನಕ್ಕು, "ಅದಕ್ಕೆ ಬೇರೆ ಅರ್ಜಿ ಕೊಡಿ ಚೇಚಿ (ಅಕ್ಕ)" ಎಂದಳು. ಪಾಠ ನನಗೆ ಮೊದಲೇ ಆಗಿತ್ತು.

ಮೂರು ವಾರ ಬಿಟ್ಟು ಒಂದು ರಾತ್ರಿ ವೆಲ್ಡಿಂಗ್ ಗಾಡಿ ಬಂತು. ಸುದ್ದಿ ಕೊಟ್ಟದ್ದು ಇಚ್ಚ. ಬೆಳಗ್ಗೆ ಹೋಗಿ ನೋಡಿದರೆ ಪಟ್ಟಿಗಳ ಮೇಲೆ ಕೆಂಪು ಪ್ರೈಮರ್ ಇನ್ನೂ ಹಸಿ. ಸೈಕಲಿನಿಂದ ಇಳಿಯದೆ ಬೇಕೆಂದೇ ಒಂದರ ಮೇಲೆ ಹೋದೆ. ಗರಗರ ಎಂದಿತು, ಅಷ್ಟೆ. ಹಿಂದೆ ತಿರುಗಿ ಬಂದು ಇನ್ನೊಮ್ಮೆ ಹೋದೆ. ಆಟೋ ಸ್ಟ್ಯಾಂಡಿನವರು ನೋಡುತ್ತಿದ್ದರು.

ರಿಫ್ಲೆಕ್ಟರಿಗೆ ಮಾತ್ರ ಯಾವ ಕಚೇರಿಗೂ ಹೋಗಲಿಲ್ಲ. ಮಂಡಿಯ ಧಣಿಗಳು ಎರಡು ರೋಲ್ ಕೆಂಪು ಟೇಪಿನ ದುಡ್ಡು ಕೊಟ್ಟರು. ಇಚ್ಚ ಪಂಕ್ಚರಿಗೆ ಬಂದ ಪ್ರತಿ ಸೈಕಲಿನ ಹಿಂದಿನ ಮಡ್‌ಗಾರ್ಡಿಗೆ ಒಂದು ತುಂಡು ಅಂಟಿಸಿಯೇ ಕಳಿಸುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಕೆಲವು ಹುಡುಗರು ಈಗ ಸುಮ್ನೆ ಟೇಪಿಗಾಗಿಯೇ ಬಂದು ನಿಲ್ಲುತ್ತಾರಂತೆ.

14ರಲ್ಲಿ ಆದದ್ದು 11. ಎರಡರ ಮೇಲೆ ಆ ರಾತ್ರಿ ಗಾಡಿ ನಿಲ್ಲಿಸಿದ್ದರು. ಒಂದರ ಮೇಲೆ ಯಾವಾಗಲೂ ಮೀನಿನ ಪೆಟ್ಟಿಗೆ ಇರುತ್ತದೆ. ಆ ಮೂರಕ್ಕೆ ಅರ್ಜಿ ಕೊಟ್ಟು ಒಂಬತ್ತು ದಿನವಾಯಿತು. ಕೌಂಟರಿನವರು ಈ ಸಲ ಹಾಳೆ ತಿರುಗಿಸಿ ನೋಡಲಿಲ್ಲ, ಸೀಲು ಹೊಡೆದು ಕೊಟ್ಟರು.